ಅತ್ತೆಯ ವಯಸ್ಸು, ಅಳಿಯನ ತೂಕ

ಆ ಶನಿವಾರದ ರಾದ್ಧಾಂತಕ್ಕೆಲ್ಲ ಮೂಲ ಒಂದು ಫಾರಂನಲ್ಲಿದ್ದ ಎರಡು ಖಾಲಿ ಕಾಲಂಗಳು. ಒಂದರ ಮೇಲೆ ‘ವಯಸ್ಸು’ ಎಂದಿತ್ತು, ಇನ್ನೊಂದರ ಮೇಲೆ ‘ತೂಕ’.

ಅಂಚೆ ಕಚೇರಿಯ ಪಾರ್ಸೆಲ್ ಕೌಂಟರಿನ ಗುಮಾಸ್ತನಿಗೆ ಇವು ಹೆದರಬೇಕಾದ ಮಾತುಗಳೇ ಅಲ್ಲ. ಇಪ್ಪತ್ತೊಂದು ವರ್ಷದಿಂದ ಅವನು ಊರಿನ ಪಾರ್ಸೆಲ್ಲುಗಳನ್ನೆಲ್ಲ ತೂಗಿದವನು. ಪೊಟ್ಟಣವನ್ನು ಒಮ್ಮೆ ಕೈಯಲ್ಲಿ ಎತ್ತಿ ಇಳಿಸಿ ತೂಕ ಹೇಳಿಬಿಡುತ್ತಿದ್ದ; ಆಮೇಲೆ ಯಂತ್ರವೂ ಅದನ್ನೇ ಹೇಳುತ್ತಿತ್ತು. ಅದಕ್ಕೇ ಕಚೇರಿಯಲ್ಲೂ ಬೀದಿಯಲ್ಲೂ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ‘ತಕ್ಕಡಿ’ ಎಂದೇ. ಒಂದು ಗ್ರಾಂ ಹೆಚ್ಚು ಬರೆದವನಲ್ಲ, ಒಂದು ಗ್ರಾಂ ಕಮ್ಮಿ ಬರೆದವನಲ್ಲ. ಅದೇ ಅವನ ಹೆಮ್ಮೆ, ಅದೇ ಅವನ ಗ್ರಹಚಾರ.

ಮನೆಮಂದಿಯೆಲ್ಲ ಸೇರಿ ಒಂದು ವಾರ ಹಿಮದ ಬೆಟ್ಟಕ್ಕೆ ಹೋಗಿ ಸ್ಕೀ ಮಾಡಿ ಬರೋಣ ಎಂಬ ಯೋಚನೆ ಹುಟ್ಟಿದ್ದು ಅವನ ಭಾವಮೈದನ ತಲೆಯಲ್ಲಿ. ಭಾವಮೈದ ವ್ಯಾಯಾಮದ ಯಂತ್ರಗಳನ್ನು ಮಾರುವವನು. ಮಾರುವವನೇ ಹೊರತು ಹತ್ತುವವನಲ್ಲ. ಹೊರಡಲು ಇನ್ನು ಹದಿನೈದು ದಿನ. ಬೆಟ್ಟದ ಮೇಲಿನ ಹೋಟೆಲಿನವರು ಕಳಿಸಿದ್ದ ಫಾರಂ ಅಂದು ಸಂಜೆ ಐದರೊಳಗೆ ಭರ್ತಿಯಾಗಿ ವಾಪಸು ಸೇರಬೇಕಿತ್ತು. ಬೆಳಗಿನ ತಿಂಡಿಯ ಮೇಜಿನ ಮೇಲೆ ಬ್ರೆಡ್ಡು, ಮೊಟ್ಟೆಗಳ ನಡುವೆ ಅದನ್ನಿಟ್ಟುಕೊಂಡು ಕಾಲೇಜಿನಲ್ಲಿ ಓದುವ ಮಗಳು ಗಟ್ಟಿಯಾಗಿ ಓದುತ್ತಿದ್ದಳು.

“ಮೊದಲು ದರ್ಜೆ. ಒಂದನೇ ದರ್ಜೆ, ಹಿಮದ ಮೇಲೆ ನಿಂತೇ ಇಲ್ಲದವರು. ಎರಡು, ನಿಲ್ಲಬಲ್ಲವರು. ಮೂರು, ಇಳಿಯಬಲ್ಲವರು. ನಾಲ್ಕು, ಎಲ್ಲಿಂದ ಬೇಕಾದರೂ ಇಳಿಯಬಲ್ಲವರು. ಕೊನೇದು, ಇಳಿಯದೆ ಬರೀ ನೋಡುವವರು. ನಾನು ಮೂರು. ಕಾಲೇಜಿನವರ ಜೊತೆ ಎರಡು ಸಲ ಹೋಗಿದ್ದೀನಿ.”

“ನನಗೆ ನಾಲ್ಕು ಹಾಕು,” ಅಂದ ಭಾವಮೈದ.

“ಮಾಮಾ, ನೀವು ಹಿಮ ನೋಡಿರೋದು ಫ್ರಿಜ್ಜಿನಲ್ಲಿ ಮಾತ್ರ!”

“ಧೈರ್ಯ ಇದ್ದವನಿಗೆ ದರ್ಜೆ ಯಾಕೆ? ಹಾಕು ನಾಲ್ಕು.”

ಶಾಲೆಯಲ್ಲಿ ಚಿತ್ರಕಲೆ ಕಲಿಸುವ ಹೆಂಡತಿ ಯೋಚಿಸಿ ಎರಡು ಅಂದಳು. ತಕ್ಕಡಿಗೆ ಯೋಚಿಸುವ ಅಗತ್ಯವೇ ಬೀಳಲಿಲ್ಲ. “ನಾನು ನೋಡುವವನು,” ಅಂದ. ಏಣಿಯ ಮೂರನೇ ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲಿಟ್ಟು ಬರುವ ಮನುಷ್ಯ ಅವನು. ಹೋಟೆಲಿನ ಜಗುಲಿಯಲ್ಲಿ ಕಂಬಳಿ ಹೊದ್ದು, ಕೈಯಲ್ಲಿ ಬಿಸಿ ಚಹಾ ಹಿಡಿದು, ಬೇರೆಯವರು ಬೀಳುವುದನ್ನು ನೋಡುತ್ತ ಏಳು ದಿನ ಕಳೆಯುವುದು ಎಂದು ಅವನು ಎಂದೋ ತೀರ್ಮಾನಿಸಿಬಿಟ್ಟಿದ್ದ.

“ಅತ್ತೆಗೂ ನೋಡುವವರು ಅಂತಲೇ ಹಾಕಮ್ಮ,” ಅಂತ ಸೇರಿಸಿದ.

ಅತ್ತೆ ಚಹಾದ ಲೋಟ ಕೆಳಗಿಟ್ಟರು. “ಯಾಕೆ ಅಳಿಯಂದ್ರೆ? ಕಂಬಳಿ ಹೊದ್ದು ಕೂರೋದಕ್ಕೆ ಅಷ್ಟು ದೂರ ಹೋಗ್ಬೇಕಾ? ನಮ್ಮನೇಲಿ ಕಂಬಳಿ ಇಲ್ವಾ? ನಾನು ಇಳೀತೀನಿ. ಒಂದನೇ ದರ್ಜೆ ಹಾಕು ಪುಟ್ಟಿ.”

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತಾಯಿತು ಮನೆಯ ಸ್ಥಿತಿ. ಆದರೂ ದರ್ಜೆಯ ಕಾಲಂ ಹೇಗೋ ತುಂಬಿತು. ಮುಂದಿನದು ವಯಸ್ಸು, ಅದರ ಮುಂದಿನದು ತೂಕ.

“ಐವತ್ತೆಂಟು ಕಿಲೋ ಅಂತ ಬರಿ,” ಅಂದಳು ಹೆಂಡತಿ, ಬ್ರೆಡ್ಡಿಗೆ ಬೆಣ್ಣೆ ಸವರುತ್ತ.

“ಎಪ್ಪತ್ತೈದು,” ಅಂದ ಭಾವಮೈದ. ಅವನು ಕೂತಿದ್ದ ಕುರ್ಚಿ ಕಿರ್ರೆಂದಿತು.

“ನನ್ನ ವಯಸ್ಸು ಅರವತ್ತೆಂಟು,” ಅಂದರು ಅತ್ತೆ.

ತಕ್ಕಡಿಗೆ ತಡೆಯಲಾಗಲಿಲ್ಲ. “ಅತ್ತೆ, ಆರು ವರ್ಷದ ಹಿಂದೆ ಬಸ್ ಪಾಸ್ ಮಾಡಿಸುವಾಗಲೂ ಅರವತ್ತೆಂಟು ಅಂದಿದ್ರಿ.”

“ಈಗಲೂ ಅಷ್ಟೇ ಅಂತಿದ್ದೀನಿ. ಇವತ್ತೊಂದು ನಾಳೆಯೊಂದು ಮಾತಾಡೋಳಲ್ಲ ನಾನು.”

ಎಲ್ಲರೂ ನಕ್ಕರು. ತಕ್ಕಡಿ ಮಾತ್ರ ಫಾರಂ ಎಳೆದುಕೊಂಡು ಅದರ ತಳದಲ್ಲಿದ್ದ ಇರುವೆಯಂಥ ಅಕ್ಷರಗಳನ್ನು ಓದತೊಡಗಿದ. ಕಾಲಿಗೆ ಕಟ್ಟುವ ಹಲಗೆಗೆ ಒಂದು ಕೊಂಡಿ ಇರುತ್ತದೆ. ಬಿದ್ದಾಗ ಅದು ತಾನಾಗಿ ಬಿಚ್ಚಿಕೊಂಡು ಕಾಲನ್ನು ಉಳಿಸಬೇಕು. ಎಷ್ಟು ಬಿಗಿ ಇರಬೇಕೆಂಬುದನ್ನು ವಯಸ್ಸು, ತೂಕ ನೋಡಿ ತೀರ್ಮಾನಿಸುತ್ತಾರೆ. ತಪ್ಪು ಬರೆದರೆ ಬಿಚ್ಚಬಾರದಾಗ ಬಿಚ್ಚುತ್ತದೆ, ಬಿಚ್ಚಬೇಕಾದಾಗ ಬಿಚ್ಚುವುದಿಲ್ಲ. ಜೊತೆಗೆ ಪ್ರತಿಯೊಬ್ಬರ ಗುರುತಿನ ಚೀಟಿಯ ಪ್ರತಿ ಲಗತ್ತಿಸಬೇಕು.

ಅಷ್ಟರಲ್ಲಿ ಮೇಲಿನ ಮಹಡಿಯ ಹಲ್ಲಿನ ಡಾಕ್ಟರು ದಿನದಂತೆ ಪೇಪರು ಕೇಳಿಕೊಂಡು ಬಂದರು. ಡಾಕ್ಟರು ನಿವೃತ್ತರಾಗಿ ಎಂಟು ವರ್ಷವಾಗಿತ್ತು. ಪೇಪರು ಕೊಳ್ಳುವುದನ್ನು ಬಿಟ್ಟೂ ಎಂಟೇ ವರ್ಷ. ವಿಷಯ ತಿಳಿದದ್ದೇ ಪ್ಯಾಂಟು ಮಂಡಿಯ ತನಕ ಮಡಿಸಿ ಎಡಗಾಲನ್ನು ಕುರ್ಚಿಯ ಮೇಲಿಟ್ಟರು. ಮೊಣಕಾಲಿನಿಂದ ಹಿಮ್ಮಡಿಯವರೆಗೆ ರೈಲು ಹಳಿಯ ಹಾಗೆ ಹೊಲಿಗೆಯ ಗುರುತು.

“ನೋಡಿ. ಮೂರು ತುಂಡು. ಮೂವತ್ತು ವರ್ಷದ ಹಿಂದೆ ಇದೇ ಫಾರಂನಲ್ಲಿ ಬರೀ ಎಂಟು ಕಿಲೋ ಸುಳ್ಳು ಬರೆದಿದ್ದೆ ಕಣ್ರೀ! ಬರೀ ಎಂಟು ಕಿಲೋ!”

ಹೆಂಡತಿಯ ಕಾಲು, ಭಾವಮೈದನ ಕಾಲು, ಎಲ್ಲಕ್ಕಿಂತ ಹೆಚ್ಚಾಗಿ ಸುಕ್ಕುಬಿದ್ದ ಕೆನ್ನೆಯ ಆ ಅತ್ತೆಯ ಕಾಲು ತಕ್ಕಡಿಯ ಕಣ್ಣ ಮುಂದೆ ಸಾಲಾಗಿ ಮೂರು ಮೂರು ತುಂಡಾಗಿ ನಿಂತವು. ತೂಕದ ವಿಷಯದಲ್ಲಿ ಇನ್ನೊಮ್ಮೆ ಯೋಚಿಸಿ ಎಂದು ಕೈಮುಗಿದ. ಯಾರೂ ಯೋಚಿಸಲಿಲ್ಲ. “ಮಧ್ಯಾಹ್ನ ಎರಡಕ್ಕೆ ಎಲ್ಲರೂ ಸೇರೋಣ, ಆಗ ನೋಡೋಣ,” ಅಂತ ಹೆಂಡತಿ ಎದ್ದಳು.

ಕಚೇರಿಯಲ್ಲಿ ಅವನ ಸಪ್ಪೆ ಮೋರೆ ನೋಡಿ ಪಕ್ಕದ ಸ್ಟಾಂಪು ಕೌಂಟರಿನ ಹೆಂಗಸು ವಿಷಯ ಕೇಳಿದಳು. ಬೇರೆಯವರ ಮನೆಯ ಸಮಸ್ಯೆ ಅಂದರೆ ಅವಳಿಗೆ ಹಬ್ಬ. ಸಾಲಿನಲ್ಲಿದ್ದ ನಾಲ್ಕು ಜನರನ್ನು ಕಾಯಿಸಿ ಪೂರ್ತಿ ಕತೆ ಕೇಳಿದಳು. ಆ ನಾಲ್ವರೂ ಕೇಳಿಸಿಕೊಂಡರು.

“ಹೇಳದೇ ಇದ್ರೆ ತೂಗಿಬಿಡಿ,” ಅಂದಳು. “ಹೊಸ ಯಂತ್ರ ಬಂದಿದೆಯಲ್ಲ, ಚಪ್ಪಟೆಯದು, ಅದನ್ನ ಮನೆ ಬಾಗಿಲ ಕಾಲೊರಸಿನ ಅಡಿಗಿಡಿ. ಅಂಕಿ ತೋರಿಸೋ ಡಬ್ಬಿಗೆ ಉದ್ದ ವೈರ್ ಇದೆ, ನೀವು ಎಲ್ಲಾದ್ರೂ ಮರೆಯಲ್ಲಿ ಕೂತು ಬರ್ಕೊಳ್ಳಿ. ಒಳಗೆ ಬರೋರೆಲ್ಲ ಅದರ ಮೇಲೆ ಕಾಲಿಡಲೇಬೇಕು.”

“ಅದು ತೂಕ ಕೂಗಿ ಹೇಳತ್ತಲ್ಲಮ್ಮ!”

“ಹಿಂದೆ ಗುಂಡಿ ಇದೆ. ಒತ್ತಿದ್ರೆ ಬಾಯಿ ಮುಚ್ಚತ್ತೆ. ಸೋಮವಾರ ಬೆಳಿಗ್ಗೆ ತಂದಿಟ್ಟುಬಿಡಿ, ಪೋಸ್ಟ್‌ಮಾಸ್ತರಿಗೆ ನಾನು ಹೇಳ್ತೀನಿ.”

ಸಾಲಿನಲ್ಲಿದ್ದ ನಾಲ್ವರೂ ಒಳ್ಳೆಯ ಉಪಾಯ ಎಂದು ತಲೆಯಾಡಿಸಿದರು. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಒಂದು ಗಂಟೆಗೆ ಕಚೇರಿ ಮುಚ್ಚಿದಾಗ ತಕ್ಕಡಿ ಕಂಕುಳಲ್ಲಿ ಯಂತ್ರ ಇಟ್ಟುಕೊಂಡು, ಕದ್ದವನ ಹಾಗೆ ಗೋಡೆ ಸವರಿಕೊಂಡು ಮನೆಗೆ ನಡೆದ.

ಮನೆಯಲ್ಲಿ ಅತ್ತೆಯೊಬ್ಬರೇ ತಮ್ಮ ಕೋಣೆಯಲ್ಲಿ ಮಲಗಿದ್ದರು. ಎರಡಕ್ಕೆ ಐದು ನಿಮಿಷ ಇರುವಾಗ ಅವನು ಕಾಲೊರಸನ್ನು ಎತ್ತಿ, ಯಂತ್ರ ಇಟ್ಟು, ಮೇಲೆ ಮತ್ತೆ ಹಾಸಿ, ಗುಂಡಿ ಒತ್ತಿ, ಬಾಗಿಲ ಪಕ್ಕ ನೇತುಹಾಕಿದ್ದ ಕೋಟುಗಳ ಹಿಂದೆ ಹೋಗಿ ನಿಂತ. ಒಂದು ಕೈಯಲ್ಲಿ ಡಬ್ಬಿ, ಇನ್ನೊಂದರಲ್ಲಿ ಪೆನ್ಸಿಲ್. ಹೆಂಡತಿಯ ಉಣ್ಣೆ ಕೋಟಿನ ತೋಳು ಮೂಗಿಗೆ ತಾಗಿ ಸೀನು ಬರುವಂತಾಗುತ್ತಿತ್ತು.

ಎರಡು ಗಂಟೆಗೆ ಸರಿಯಾಗಿ ಬಾಗಿಲು ತೆರೆಯಿತು. ಹೆಂಡತಿ. ಡಬ್ಬಿಯಲ್ಲಿ ಅಂಕಿ ಮೂಡಿತು: ಎಪ್ಪತ್ತನಾಲ್ಕು ಕಿಲೋ ಮುನ್ನೂರು ಗ್ರಾಂ. ಹದಿನಾರು ಕಿಲೋ! ಹದಿನಾರು ಕಿಲೋ ವ್ಯತ್ಯಾಸ! ಡಾಕ್ಟರ ಲೆಕ್ಕದಲ್ಲಿ ಎಂಟು ಕಿಲೋಗೆ ಮೂರು ತುಂಡಾದರೆ ಇವಳದು ಆರು ತುಂಡು. ಬರೆದುಕೊಂಡ. ಹಿಂದೆಯೇ ಬ್ರೆಡ್ಡು ಹಿಡಿದ ಮಗಳು: ಐವತ್ತೆರಡು. ಬೆಳಿಗ್ಗೆ ಹೇಳಿದ್ದೂ ಅಷ್ಟೇ. ಈ ವಂಶದಲ್ಲಿ ಇವಳೊಬ್ಬಳು ತನ್ನನ್ನು ಹೋತಿದ್ದಾಳೆ ಎಂದು ಅವನ ಕಣ್ಣು ತೇವವಾಯಿತು. ಆಮೇಲೆ ಭಾವಮೈದ. ತೊಂಬತ್ತೊಂದು. ತಕ್ಕಡಿಯ ಕೈಯಿಂದ ಪೆನ್ಸಿಲ್ ಜಾರಿತು. ಸದ್ಯ, ಯಾರಿಗೂ ಕೇಳಿಸಲಿಲ್ಲ.

ಎಲ್ಲವೂ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಸಾಗಿತ್ತು. ಆದರೆ ಆ ಗುಂಡಿ ಒತ್ತಿದರೆ ಯಂತ್ರ ಬಾಯಿ ಮುಚ್ಚುವುದು ಹತ್ತು ನಿಮಿಷ ಮಾತ್ರ ಎಂಬುದು ಸ್ಟಾಂಪು ಕೌಂಟರಿನವಳಿಗೂ ಗೊತ್ತಿರಲಿಲ್ಲ. ಪೇಪರು ವಾಪಸು ಕೊಡಲು ಬಂದ ಹಲ್ಲಿನ ಡಾಕ್ಟರು ಬಾಗಿಲು ತಳ್ಳಿ ಒಳಗೆ ಕಾಲಿಟ್ಟರು.

“ಎಂಬತ್ತೆಂಟು ಕಿಲೋ, ಆರು ನೂರು ಗ್ರಾಂ,” ಅಂತು ನೆಲ, ಸ್ಪಷ್ಟವಾದ ಹೆಣ್ಣು ದನಿಯಲ್ಲಿ. “ಮಿತಿ ಮೀರಿದ ತೂಕ. ದಯವಿಟ್ಟು ಎರಡು ಭಾಗ ಮಾಡಿ ತನ್ನಿ.”

ಡಾಕ್ಟರು ಹಾವು ತುಳಿದವರ ಹಾಗೆ ಹಾರಿ ಗೋಡೆಗೆ ಅಂಟಿಕೊಂಡರು. “ಯಾರದು? ಯಾರನ್ನ ಎರಡು ಭಾಗ ಮಾಡೋದು?”

ಮನೆಯವರೆಲ್ಲ ಓಡಿಬಂದರು. “ಏನಾಯ್ತು ಡಾಕ್ಟ್ರೇ?” ಎನ್ನುತ್ತ ಹೆಂಡತಿ ಕಾಲೊರಸಿನ ಮೇಲೆ ನಿಂತಳು.

“ಎಪ್ಪತ್ತನಾಲ್ಕು ಕಿಲೋ, ಮುನ್ನೂರು ಗ್ರಾಂ. ಮಿತಿ ಮೀರಿದ ತೂಕ. ದಯವಿಟ್ಟು ಎರಡು ಭಾಗ ಮಾಡಿ ತನ್ನಿ.”

ಅವಳು ಗರ ಬಡಿದವಳ ಹಾಗೆ ಅಲ್ಲೇ ನಿಂತಳು. “ಅಕ್ಕಾ, ಈಚೆ ಬಾ!” ಎಂದು ಕೂಗುತ್ತ ಭಾವಮೈದ ಅವಳನ್ನು ಎಳೆಯಲು ಹೋಗಿ ತಾನೂ ಅದರ ಮೇಲೆಯೇ ಕಾಲಿಟ್ಟ.

“ನೂರ ಅರವತ್ತೈದು ಕಿಲೋ, ಮುನ್ನೂರು ಗ್ರಾಂ. ದಯವಿಟ್ಟು ಸರಕು ಸಾಗಣೆ ವಿಭಾಗವನ್ನು ಸಂಪರ್ಕಿಸಿ.”

ಆಗ ಕೋಟುಗಳ ಹಿಂದಿನಿಂದ ಒಂದು ದೊಡ್ಡ ಸೀನು ಕೇಳಿಸಿತು.

ಮಗಳು ಉಣ್ಣೆ ಕೋಟನ್ನು ಸರಿಸಿದಳು. ಅಲ್ಲಿ ಇಂಗು ತಿಂದ ಮಂಗನ ಹಾಗೆ, ಡಬ್ಬಿಯನ್ನು ಎದೆಗೆ ಅವಚಿಕೊಂಡು ತಕ್ಕಡಿ ನಿಂತಿದ್ದ.

“ರೀ…” ಅಂದಳು ಹೆಂಡತಿ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಆ ಒಂದಕ್ಷರವನ್ನು ಅವಳು ಅಷ್ಟು ಮೆಲ್ಲಗೆ ಎಂದೂ ಹೇಳಿರಲಿಲ್ಲ. “ನನ್ನನ್ನ ಪಾರ್ಸೆಲ್ ಥರ ತೂಗಿದ್ರಾ?”

ಅಷ್ಟು ಹೊತ್ತಿಗೆ ಎದುರು ಮನೆಯವರು, ಕೆಳಗಿನ ಮನೆಯವರು ಮೆಟ್ಟಿಲಲ್ಲಿ ನೆರೆದಿದ್ದರು. ‘ನೂರ ಅರವತ್ತೈದು ಯಾರದಂತೆ?’ ಎಂದು ಒಬ್ಬರು ಕೇಳಿದರೆ, ‘ಅಕ್ಕ ತಮ್ಮ ಇಬ್ಬರದೂ ಸೇರಿ’ ಎಂದು ಡಾಕ್ಟರು ವಿವರಿಸುತ್ತಿದ್ದರು. ಭಾವಮೈದ ಹೋಗಿ ಬಾಗಿಲು ಮುಚ್ಚಿದ.

ತಕ್ಕಡಿ ಫಾರಂ ಎತ್ತಿ ಹಿಡಿದು ತಳದ ಸಣ್ಣ ಅಕ್ಷರಗಳನ್ನೆಲ್ಲ ಒಂದೇ ಉಸಿರಿಗೆ ಓದಿದ. “ನಿನ್ನ ಕಾಲು ಮುರೀಬಾರದು ಅಂತ ಕಣೇ. ನಿನ್ನ ತೂಕ ಎಷ್ಟಿದ್ರೆ ನನಗೇನು? ನೀನು ನೆಟ್ಟಗೆ ನಡ್ಕೊಂಡು ಮನೆಗೆ ಬಂದ್ರೆ ಸಾಕು ನನಗೆ,” ಅಂದಾಗ ಅವನ ದನಿ ನಿಜವಾಗಿಯೂ ನಡುಗಿತು. ಹೆಂಡತಿಯ ಕಣ್ಣಿನ ಬೆಂಕಿ ಒಂದು ಸುತ್ತು ತಗ್ಗಿತು. ಡಾಕ್ಟರು ತಮ್ಮ ಎಂಬತ್ತೆಂಟು ಕಿಲೋವನ್ನು ಮರೆಸಲೆಂದೋ ಏನೋ ಮತ್ತೊಮ್ಮೆ ಪ್ಯಾಂಟು ಮಡಿಸಿ ಕಾಲು ತೋರಿಸಿದರು. ಕೊನೆಗೆ ಅವಳೇ ಪೆನ್ನು ತೆಗೆದುಕೊಂಡು ಐವತ್ತೆಂಟನ್ನು ಹೊಡೆದು ಎಪ್ಪತ್ತನಾಲ್ಕು ಎಂದು ಬರೆದಳು. ಪೆನ್ನಿನ ಮೊನೆ ಕಾಗದವನ್ನು ತೂತು ಮಾಡಿತು. ಭಾವಮೈದನೂ ತಲೆ ತಗ್ಗಿಸಿಕೊಂಡು ತೊಂಬತ್ತೊಂದು ಬರೆದ.

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದು ಅಲ್ಲಿಗೇ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಅಷ್ಟರಲ್ಲಿ ಗದ್ದಲ ಕೇಳಿ ಅತ್ತೆ ಎದ್ದು ಬಂದರು.

“ಅಜ್ಜಿ, ನಿಮ್ಮ ಗುರುತಿನ ಚೀಟಿ ಬೇಕು, ಲಗತ್ತಿಸ್ಬೇಕಂತೆ,” ಅಂದಳು ಮಗಳು.

“ಅದೆಲ್ಲೋ ಕಳೆದುಹೋಗಿದೆ.”

ಅತ್ತೆಯ ಗುರುತಿನ ಚೀಟಿಯನ್ನು ಆ ಮನೆಯಲ್ಲಿ ಯಾರೂ ಓದಿದವರಿರಲಿಲ್ಲ. ಅದು ಸದಾ ಅವರ ಕೈಚೀಲದ ಒಳಜೇಬಿನಲ್ಲಿ, ಆ ಕೈಚೀಲ ಸದಾ ಅವರ ತಲೆದಿಂಬಿನ ಪಕ್ಕ.

“ಅಯ್ಯೋ, ಪರವಾಗಿಲ್ಲ ಅಜ್ಜಿ. ಕಣ್ಣಿನ ಆಸ್ಪತ್ರೇಲಿ ನೀವು ಒಳಗಿದ್ದಾಗ ನರ್ಸು ನಿಮ್ಮ ಕೈಚೀಲದಲ್ಲಿದ್ದ ಚೀಟಿಯ ಫೋಟೋನ ನನ್ನ ಕೈಲಿ ತೆಗೆಸಿದ್ರು. ಫೋನಲ್ಲಿ ಇನ್ನೂ ಇದೆ,” ಅಂತ ಮಗಳು ಹುಡುಕಿ ತೆಗೆದಳು. ಅವಳೂ ಅದನ್ನು ತೆಗೆದಿದ್ದಳೇ ಹೊರತು ಓದಿರಲಿಲ್ಲ. ಅತ್ತೆ ಕೈ ಚಾಚುವಷ್ಟರಲ್ಲಿ ಫೋನು ತಕ್ಕಡಿಯ ಕೈ ಸೇರಿತ್ತು. ಕೈಗೆ ಬಂದ ಕಾಗದವನ್ನು ಗಟ್ಟಿಯಾಗಿ ಓದುವುದು ಕೌಂಟರಿನಲ್ಲಿ ಕೂತು ಕೂತು ಅವನಿಗೆ ಅಂಟಿದ ಅಭ್ಯಾಸ. ಹೆಸರು ಓದಿದ, ವಿಳಾಸ ಓದಿದ, ಹುಟ್ಟಿದ ವರ್ಷ ಓದಿದ. ಓದಿದ ಬಾಯಲ್ಲೇ ಲೆಕ್ಕವನ್ನೂ ಹಾಕಿಬಿಟ್ಟ.

“ಎಪ್ಪತ್ತೊಂಬತ್ತು.”



ಅರವತ್ತೆಂಟು ಎಂಬುದು ಅತ್ತೆಯ ತಮಾಷೆ ಎಂದು ಮಕ್ಕಳಿಬ್ಬರಿಗೂ ಗೊತ್ತಿತ್ತು. ಎಪ್ಪತ್ತನಾಲ್ಕು ಇರಬೇಕು ಎಂದು ಅವರ ಲೆಕ್ಕ. ಭಾವಮೈದ ಬೆರಳು ಮಡಿಸುತ್ತ ಮೆಲ್ಲಗೆ ಅಂದ, “ಅಪ್ಪ ಇದ್ದಿದ್ರೆ ಈಗ ಎಪ್ಪತ್ತಾರು. ಅಮ್ಮ ಅವರಿಗಿಂತ ಎರಡು ವರ್ಷ ಚಿಕ್ಕೋಳು ಅಂತ… ಅಂದ್ರೆ ಅಮ್ಮ… ನೀನು ಅಪ್ಪನಿಗಿಂತ ಮೂರು ವರ್ಷ ದೊಡ್ಡೋಳಾ?”

“ಅಪ್ಪನಿಗೆ ಗೊತ್ತಿತ್ತಾ?” ಅಂದಳು ಹೆಂಡತಿ.

ಅತ್ತೆ ಎಲ್ಲರ ಮುಖವನ್ನೂ ಒಮ್ಮೆ ನೋಡಿದರು. “ಗೊತ್ತಿರಲಿಲ್ಲ. ಮದುವೆ ಮಾತುಕತೇಲಿ ನಮ್ಮಪ್ಪ ಐದು ವರ್ಷ ಇಳಿಸಿ ಹೇಳಿದ್ರು. ಆಮೇಲೆ ಹೇಳೋಣ, ಆಮೇಲೆ ಹೇಳೋಣ ಅಂತಿದ್ದೆ. ಹೇಳೋ ಹೊತ್ತಿಗೆ ಅವರೇ ಇರಲಿಲ್ಲ. ಕೊನೇ ದಿನದವರೆಗೂ ‘ನೀನು ಚಿಕ್ಕೋಳು, ನಿನಗೇನು ಗೊತ್ತಾಗತ್ತೆ’ ಅಂತಲೇ ಅಂತಿದ್ರು.”

ಕೋಣೆಗೆ ಹೋಗಿ ಚಿಲಕ ಹಾಕಿಕೊಂಡರು. ಒಳಗಿನಿಂದ ಒಂದೇ ಮಾತು ಬಂತು: “ಆ ಫಾರಂನಿಂದ ನನ್ನ ಹೆಸರು ತೆಗೀರಿ.”

“ಅಮ್ಮ ಬರಲ್ಲ ಅಂದ್ರೆ ನಾನೂ ಬರಲ್ಲ,” ಅಂದಳು ಹೆಂಡತಿ. ನಾನೂ ಇಲ್ಲ ಅಂದ ಭಾವಮೈದ. ಮಗಳು ಅಳುವುದಕ್ಕೆ ಶುರುವಿಟ್ಟಳು. ಹಲ್ಲಿನ ಡಾಕ್ಟರು ಈ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲಾರದೆ ಮೆಟ್ಟಿಲಿಗೆ ಹೊರಟರು. ನಾಲ್ಕೂ ದಿಕ್ಕಿನಿಂದ ಎಲ್ಲರ ಕಣ್ಣೂ ತಕ್ಕಡಿಯ ಮೇಲೆ ನೆಟ್ಟಿದ್ದವು. ಗಂಟೆ ನಾಲ್ಕಾಗಿತ್ತು.

ಅವನು ಅತ್ತೆಯ ಕೋಣೆಯ ಬಾಗಿಲ ಮುಂದೆ ನೆಲದ ಮೇಲೇ ಕೂತ.

“ಅತ್ತೆ, ತಪ್ಪಾಯ್ತು.”

ಬಾಗಿಲಿಗೆ ಇನ್ನಷ್ಟು ಹತ್ತಿರ ಸರಿದ.

“ನಾನು ಓದ್ಬಾರದಿತ್ತು. ಬಾಯಿಗೆ ಅಭ್ಯಾಸ ಆಗೋಗಿದೆ.”

“ನಲವತ್ತೆಂಟು ವರ್ಷ ಬಚ್ಚಿಟ್ಟಿದ್ದೆ ಅಳಿಯಂದ್ರೆ,” ಅಂದರು ಅತ್ತೆ ಒಳಗಿನಿಂದ. “ನೀವು ಪಾರ್ಸೆಲ್ ಮೇಲಿನ ವಿಳಾಸದ ಹಾಗೆ ಓದಿಬಿಟ್ರಿ.”

ಈ ಹೆಂಗಸು ಅವನಿಗೆ ಮಗಳು ಹುಟ್ಟಿದಾಗ ಮೂರು ತಿಂಗಳು ನಿದ್ದೆಗೆಟ್ಟು ನಿಂತವರು. ಒಂದು ದಿನಕ್ಕೂ ಅವನನ್ನು ‘ನೀನು’ ಅಂದವರಲ್ಲ. ತಕ್ಕಡಿ ಇಪ್ಪತ್ತೊಂದು ವರ್ಷದಲ್ಲಿ ಯಾರಿಗೂ ಹೇಳದ ಮಾತನ್ನು ಹೇಳಿದ.

“ಅತ್ತೆ, ನಾನು ಸುಳ್ಳು ಬರೀತೀನಿ. ಅರವತ್ತೆಂಟು ಅಂತಲೇ ಹಾಕ್ತೀನಿ. ಚೀಟಿ ಕಳೆದಿದೆ ಅಂತ ಬರೀತೀನಿ. ನೀವು ಬನ್ನಿ ಅಷ್ಟೇ.”

ಒಳಗೆ ಹೆಜ್ಜೆ ಸಪ್ಪಳ. ಚಿಲಕ ತೆಗೆಯಿತು. ಅತ್ತೆಯ ಕಣ್ಣು ಕೆಂಪಾಗಿತ್ತು, ಆದರೆ ಮುಖದಲ್ಲಿ ಏನೋ ಹೊರೆ ಇಳಿಸಿದವರ ಕಳೆಯೂ ಇತ್ತು.

“ಬೇಡ. ನಿಜಾನೇ ಬರೀರಿ. ಇಷ್ಟು ಹೊತ್ತಿಗೆ ಡಾಕ್ಟರು ಬೀದಿಗೆಲ್ಲ ಹಂಚಿರ್ತಾರೆ, ಇನ್ನೇನಿದೆ ಮುಚ್ಚಿಡೋಕೆ? ಎಪ್ಪತ್ತೊಂಬತ್ತು ಬರೀರಿ. ತೂಕಾನೂ ನೋಡೇಬಿಡಿ.”

ನೇರ ಹೋಗಿ ಕಾಲೊರಸಿನ ಮೇಲೆ ನಿಂತರು. “ಎಪ್ಪತ್ತು ಕಿಲೋ, ಇನ್ನೂರು ಗ್ರಾಂ. ಮಿತಿ ಮೀರಿದ ತೂಕ. ದಯವಿಟ್ಟು ಎರಡು ಭಾಗ—”

“ನಿನ್ನ ಗಂಡನ್ನ ಮಾಡು ಎರಡು ಭಾಗ,” ಅಂದರು ಅತ್ತೆ ಯಂತ್ರಕ್ಕೆ. ಮಧ್ಯಾಹ್ನದಿಂದ ಮೊದಲ ಸಲ ಹೆಂಡತಿ ನಕ್ಕಳು.

ಅತ್ತೆ ಕೆಳಗಿಳಿದು ಫಾರಂ ತೆಗೆದುಕೊಂಡು ಕನ್ನಡಕ ಏರಿಸಿ ನೋಡಿದರು. “ಅಳಿಯಂದ್ರೆ, ಇಲ್ಲಿ ನಿಮ್ಮದು ಅರವತ್ತೈದು ಅಂತಿದೆ. ನಿಮ್ಮನ್ನ ಯಾರು ತೂಗಿದ್ದು?”

ತಕ್ಕಡಿ ತಬ್ಬಿಬ್ಬಾದ. “ನನ್ನದು… ನನಗೆ ಗೊತ್ತು ಅತ್ತೆ. ಯಾವಾಗಲೂ ಅರವತ್ತೈದೇ.”

“ಯಾವಾಗಿಂದ?”

“ಮದುವೆಯಾದಾಗಿನಿಂದ.”

“ಹತ್ತಿ,” ಅಂದಳು ಹೆಂಡತಿ.

ಹತ್ತಿದ. ಎದೆಯಲ್ಲಿ ಅಳುಕಿರಲಿಲ್ಲ. ಊರಿನ ಪೊಟ್ಟಣಗಳನ್ನೆಲ್ಲ ಕೈಯಲ್ಲೇ ತೂಗಿದವನಿಗೆ ತನ್ನ ದೇಹ ಗೊತ್ತಿರುವುದಿಲ್ಲವೇ?

“ಎಂಬತ್ತೆರಡು ಕಿಲೋ, ನಾನೂರು ಗ್ರಾಂ,” ಅಂತು ಯಂತ್ರ.

ಅವನು ನಂಬಲಿಲ್ಲ. ಇಳಿದು ಮತ್ತೆ ಹತ್ತಿದ. ಚಪ್ಪಲಿ ಕಳಚಿ ಹತ್ತಿದ. ಜೇಬಿನಿಂದ ಬೀಗದ ಕೈ, ಪೆನ್ಸಿಲ್ ತೆಗೆದಿಟ್ಟು ಹತ್ತಿದ. ಎಂಬತ್ತೆರಡೇ! ಇಪ್ಪತ್ತೆರಡು ವರ್ಷ ತಾನು ಹೋದಲ್ಲೆಲ್ಲ ಹದಿನೇಳು ಕಿಲೋ ಸುಳ್ಳು ಹೇಳಿಕೊಂಡು ಬಂದಿದ್ದೇನೆ ಎಂಬುದು ಅರಗಿಸಿಕೊಳ್ಳಲಾಗದ ಆಘಾತ. ಕುರ್ಚಿಯ ಮೇಲೆ ಕುಸಿದು ಕೂತ. ಮನೆಮಂದಿಗೆಲ್ಲ ನಗು ಒತ್ತರಿಸಿಕೊಂಡು ಬಂತು. ಭಾವಮೈದ ನೆಲದ ಮೇಲೆ ಹೊರಳಾಡಿ ನಕ್ಕ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. “ಬರೀರಿ ಅಳಿಯಂದ್ರೆ, ನಿಮ್ಮ ಕೈಯಾರೆ ಬರೀರಿ.”

ಬರೆದ. ಹೇಗಿದ್ದರೂ ತಾನು ನೋಡುವವನು, ಎಷ್ಟಿದ್ದರೇನು ಎಂದು ಸಮಾಧಾನ ಹೇಳಿಕೊಂಡ. ನಾಲ್ಕು ಐವತ್ತಕ್ಕೆ ಮಗಳು ಫಾರಂ ಕಳಿಸಿದಳು. ಅತ್ತೆ ಎಲ್ಲರಿಗೂ ಚಹಾ ಮಾಡಿ ತಂದರು, ಅಳಿಯನಿಗೆ ಮೊದಲು. ಮನೆ ಮತ್ತೆ ಮನೆಯಾಯಿತು.

ಐದೂಕಾಲಿಗೆ ಫೋನು ಬಂತು. ಹಿಮದ ಬೆಟ್ಟದ ಹೋಟೆಲಿನ ಗುಮಾಸ್ತೆ. ಎಲ್ಲರಿಗೂ ಕೇಳಲೆಂದು ಮಗಳು ಫೋನನ್ನು ಮೇಜಿನ ಮೇಲಿಟ್ಟು ಸದ್ದು ಜೋರು ಮಾಡಿದಳು.

“ಸಾರ್, ಹನ್ನೊಂದು ವರ್ಷದಿಂದ ಈ ಕೆಲಸ ಮಾಡ್ತಿದ್ದೀನಿ. ವಯಸ್ಸು, ತೂಕ ಎಲ್ಲಾ ನಿಜ ಬರೆದು ಕಳಿಸಿದ ಮೊದಲನೇ ಕುಟುಂಬ ನಿಮ್ಮದು! ನೋಡಿದ್ರೇನೇ ಗೊತ್ತಾಗತ್ತೆ.”

ತಕ್ಕಡಿ ಎದೆಯುಬ್ಬಿಸಿ ಸುತ್ತ ನೋಡಿದ.

“ಒಂದೇ ಒಂದು ವಿಷಯ. ನಮ್ಮಲ್ಲಿ ಎಪ್ಪತ್ತೈದು ದಾಟಿದವರನ್ನ ಒಂಟಿಯಾಗಿ ಇಳಿಸೋ ಹಾಗಿಲ್ಲ. ಸೊಂಟಕ್ಕೆ ಬೆಲ್ಟು ಹಾಕಿ ಹಿಂದೆ ಮನೆಯವರೊಬ್ಬರನ್ನ ಕಟ್ಟಬೇಕು. ಹಿಂದಿರೋರು ಅವರಿಗಿಂತ ಕಮ್ಮಿ ಅಂದ್ರೂ ಹತ್ತು ಕಿಲೋ ಜಾಸ್ತಿ ಇರಬೇಕು, ಇಲ್ದಿದ್ರೆ ಇಬ್ಬರೂ ಎಳಕೊಂಡು ಹೋಗ್ತಾರೆ. ನಿಮ್ಮಲ್ಲಿ ಅಂಥೋರು ಇಬ್ಬರೇ. ನಾಲ್ಕನೇ ದರ್ಜೆಯವರು ಅವರ ಗುಂಪಿಗೆ ಹೋಗ್ತಾರೆ. ಎಂಬತ್ತೆರಡು ಕಿಲೋದವರು ಸುಮ್ಮನೆ ಕೂತಿರ್ತೀನಿ ಅಂತ ಬರೆದಿದ್ದಾರೆ. ಅವರನ್ನ ಅಜ್ಜಿಗೆ ಕಟ್ಟಿದ್ದೀವಿ. ಏಳೂ ದಿನ.”

ತಕ್ಕಡಿ ಚಹಾದ ಲೋಟ ಕೆಳಗಿಟ್ಟ. ಬಾಯಿಯನ್ನು ಫೋನಿನ ಹತ್ತಿರ ತಂದ. “ಮೇಡಂ, ಒಂದು ನಿಮಿಷ. ನನ್ನ ತೂಕ ಅಸಲು ಅರವತ್ತೈದು. ಅದನ್ನ ತಿದ್ದಬಹುದಾ?”

“ತಿದ್ದಬಹುದು ಸಾರ್. ಆದ್ರೆ ಕಳಿಸಿದ್ದು ಸುಳ್ಳು ಅಂತ ಬರೆದುಕೊಡಬೇಕು. ಒಬ್ಬರದು ಸುಳ್ಳಾದ್ರೆ ಇಡೀ ಕುಟುಂಬದ ಫಾರಂ ರದ್ದು. ಸುಳ್ಳು ಬರೆದಿದ್ದೀರಾ ಸಾರ್?”

ಹೆಂಡತಿ ನೋಡುತ್ತಿದ್ದಳು. ಭಾವಮೈದ ನೋಡುತ್ತಿದ್ದ. ಮಗಳು ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ತಕ್ಕಡಿಯ ಹಣೆಯಿಂದ ಬೆವರು ಇಳಿದು ಮೂಗಿನ ತುದಿಯಲ್ಲಿ ತೂಗಿತು.

“ಇಲ್ಲ,” ಅಂದ. “ನಿಜ.”

ಅತ್ತೆ ಕುರ್ಚಿಯನ್ನು ಫೋನಿನ ಹತ್ತಿರ ಎಳೆದುಕೊಂಡರು. ಎಪ್ಪತ್ತೊಂಬತ್ತು ವರ್ಷದ ಆ ಮುಖದಲ್ಲಿ ಇಪ್ಪತ್ತರ ಹುರುಪು. “ಏನಮ್ಮಾ, ಹೀಗೆ ಕಟ್ಟಿಕೊಂಡ್ರೆ ನಾನು ಒಂದನೇ ದರ್ಜೆಯ ಇಳಿಜಾರಲ್ಲೇ ಇಳೀಬೇಕಾ?”

“ಹಾಗೇನಿಲ್ಲ ಅಜ್ಜಿ. ಮುಂದೆ ನಮ್ಮ ಮೇಷ್ಟ್ರು ಇರ್ತಾರೆ, ಹಿಂದೆ ನಿಮ್ಮ ಅಳಿಯ ಇರ್ತಾರೆ. ನೀವು ಎಲ್ಲಿಂದ ಅಂದ್ರೆ ಅಲ್ಲಿಂದ. ಅವರು ಬರಲೇಬೇಕು.”

“ನಿಮ್ಮಲ್ಲಿ ಎಲ್ಲಕ್ಕಿಂತ ಎತ್ತರದ್ದು ಯಾವುದು?”

“ತುತ್ತತುದಿಯದು. ಅಲ್ಲಿಂದ ಕೆಳಗಿನವರೆಗೆ ಸಾವಿರದ ನಾನೂರು ಮೀಟರು.”

“ಅದೇ ಇರಲಿ,” ಅಂದರು ಅತ್ತೆ. ಆಮೇಲೆ ಅಳಿಯನ ಕಡೆ ತಿರು‌ಗಿ, “ಬರ್ಕೊಳ್ಳಿ ಅಳಿಯಂದ್ರೆ, ಆಮೇಲೆ ಮರೆತುಹೋದೀತು,” ಅಂದರು.

ತಕ್ಕಡಿ ಪೆನ್ಸಿಲ್ ಎತ್ತಿಕೊಂಡ. ಸಾವಿರದ ನಾನೂರು ಎಂದು ಬರೆದ. ಒಂದು ಮೀಟರು ಹೆಚ್ಚು ಬರೆಯಲಿಲ್ಲ, ಒಂದು ಮೀಟರು ಕಮ್ಮಿ ಬರೆಯಲಿಲ್ಲ.